ಕಿಟಕಿಯಿಂದ ದೂರ ಇರಿ

ನನ್ನ ಅಕ್ಕನ ಗಂಡ ಸೈನ್ಯದಿಂದ ನಿವೃತ್ತರಾಗಿ ಸೊರಬಕ್ಕೆ ಬಂದು ಬ್ಯಾಟರಿ, ಇನ್ವರ್ಟರ್ ಅಂಗಡಿ ಇಟ್ಟ ಮೊದಲ ವರ್ಷ ಅಂಗಡಿಯಲ್ಲಿ ಕೂತದ್ದಕ್ಕಿಂತ ಮನೆಯಲ್ಲಿ ರೇಗಾಡಿದ್ದೇ ಹೆಚ್ಚು. ಊಟ ತಡವಾದರೆ ರೇಗು. ಕರೆಂಟು ಹೋದರೆ ರೇಗು. ಕರೆಂಟು ಹೋಗದಿದ್ದರೆ ವ್ಯಾಪಾರವಿಲ್ಲವೆಂದು ಇನ್ನೊಂದು ರೇಗು. "ಇವ್ರನ್ನ ಎಂತಕ್ಕಾದ್ರೂ ಹಚ್ಚೇ ಮಾರಾಯ್ತಿ, ನಂಗಂತೂ ಸಾಕಾಗ್ಹೋಗಿದೆ" ಎಂದು ಅಕ್ಕ ಫೋನಿನಲ್ಲಿ ಗೋಳಾಡಿದಳು.

ನಾನು ಶಿಕಾರಿಪುರದ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವಳು. ಭಾನುವಾರ ಬಸ್ಸು ಹತ್ತಿ, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಕ್ಕನ ಕೈ ಊಟ ಮಾಡಿ ಸಂಜೆ ವಾಪಸಾಗುವುದು ನನ್ನ ರೂಢಿ. ಹಾಗೆ ಹೋದ ಒಂದು ಭಾನುವಾರ ಭಾವನ ಫೋನಿಗೆ ನಾನೇ ಒಂದು ಆಟ ಹಾಕಿಕೊಟ್ಟೆ. ಬಿ.ಇಡಿ. ಓದುವಾಗಿನಿಂದ ನಾನು ಆಡುತ್ತ ಬಂದ ಆಟ ಅದು. ನಮ್ಮದೊಂದು ಕೋಟೆ ಕಟ್ಟಿಕೊಳ್ಳಬೇಕು, ಗೋಡೆ ಎಬ್ಬಿಸಬೇಕು, ಬಿಲ್ಲುಗಾರರನ್ನೂ ದೈತ್ಯರನ್ನೂ ಸಾಕಬೇಕು, ಬೇರೆಯವರ ಕೋಟೆಗೆ ಲಗ್ಗೆ ಹಾಕಬೇಕು. ಒಬ್ಬರೇ ಆಡುವುದಲ್ಲ. ಆಡುವವರೆಲ್ಲ ಸೇರಿ ಗುಂಪು ಕಟ್ಟಿಕೊಂಡು, ಬೇರೆ ಗುಂಪಿನ ಮೇಲೆ ಯುದ್ಧ ಸಾರುತ್ತಾರೆ. ಗುಂಪಿನವರು ಒಬ್ಬರಿಗೊಬ್ಬರು ಸೈನಿಕರನ್ನು ಕೊಡಬಹುದು, ಮಾತಾಡಿಕೊಳ್ಳಬಹುದು. ನಮ್ಮ ಗುಂಪಿಗೆ ನಾನೇ ನಾಯಕಿ.

ಭಾವ ಮೊದಲು ಮೂಗು ಮುರಿದರು. "ಇಪ್ಪತ್ತೆರಡು ವರ್ಷ ನಿಜವಾದ ಬಂದೂಕು ಹಿಡಿದವನಿಗೆ ಈ ಗೊಂಬೆ ಸೈನ್ಯವಾ?" ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಅವರ ಕೋಟೆಯ ಗೋಡೆ ಎರಡು ಸುತ್ತು ಎದ್ದಿತ್ತು. ಗುಂಪಿಗೆ ಅವರಿಟ್ಟ ಹೆಸರು ಪಲ್ಟನ್. ಯುದ್ಧಕ್ಕೆ ಮುಂಚೆ ಯಾರು ಎಲ್ಲಿಂದ ನುಗ್ಗಬೇಕು ಎಂದು ಎಲ್ಲರಿಗೂ ಬರೆದು ಹಾಕುವರು. ಅಂಗಡಿಗೆ ಬರುವ ಗಿರಾಕಿಗಳಲ್ಲಿ ಮೂರ್ನಾಲ್ಕು ಜನರನ್ನೂ ಹುರಿದುಂಬಿಸಿ ಸೇರಿಸಿದರು. ಅಕ್ಕನಿಗೆ ಮನೆಯಲ್ಲಿ ಶಾಂತಿ ಸಿಕ್ಕಿತು.

ನಮ್ಮಿಬ್ಬರ ವಾದ ಶುರುವಾದದ್ದು ಆಮೇಲೆ. ಆ ಆಟದಲ್ಲಿ ಜಗತ್ತಿನ ಯಾರು ಬೇಕಾದರೂ ಬಂದು ಹರಟುವ ಒಂದು ಬಯಲು ಕೋಣೆಯಿತ್ತು. ಒಂದು ದಿನ ಕಂಪನಿಯವರು ಅದನ್ನು ಮುಚ್ಚಿಬಿಟ್ಟರು. ಇನ್ನು ಮೇಲೆ ಗುಂಪಿನೊಳಗೆ ಮಾತ್ರ ಮಾತು. ನನಗೆ ಸಿಟ್ಟು ಬಂತು.

"ಕೋಟಿಗಟ್ಲೆ ಜನ ಮಾತಾಡ್ತಿದ್ದ ಜಾಗ ಭಾವ. ಯಾರನ್ನೂ ಕೇಳ್ದೆ ಬೀಗ ಹಾಕಿದ್ರಲ್ಲ!"

"ಅವ್ರ ಮನೆ, ಅವ್ರ ಬಾಗ್ಲು. ನಿಂಗೆ ಬಾಡಿಗೆ ಚೀಟಿ ಬರ್ಕೊಟ್ಟಿದ್ರಾ?" ಎಂದು ಭಾವ ಬ್ಯಾಟರಿಗೆ ನೀರು ತುಂಬುತ್ತಲೇ ಹೇಳಿದರು.

"ಮನೆ ಅವ್ರದ್ದೇ ಇರ್ಲಿ. ಊರಿನವರೆಲ್ಲ ಅಲ್ಲೇ ಸೇರೋದು ಅಂತಾದ್ಮೇಲೆ ಅದು ಬರೀ ಮನೆ ಅಲ್ಲ."

"ನಿಂದು ಬರೀ ಪುಸ್ತಕದ ಮಾತು. ಅಲ್ಲಿ ಎಷ್ಟು ಹೊಲಸು ಬೈಗುಳ ಇತ್ತು ನೋಡಿದ್ಯಾ? ಮುಚ್ಚಿದ್ದು ಒಳ್ಳೇದಾಯ್ತು."

ಹೀಗೆ. ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತ ಗಿರಾಕಿಗಳು ನಮ್ಮ ಜಗಳ ಕೇಳುತ್ತ ನಗುತ್ತಿದ್ದರು. ಕ್ಯಾಸನೂರಿನ ಕಡೆಯಿಂದ ಬ್ಯಾಟರಿ ಹೊತ್ತು ತಂದವರೊಬ್ಬರು, "ನಿಮ್ ಜಗ್ಳ ಮುಗೀಲಿ, ಆಮೇಲೆ ಚಾರ್ಜಿಗೆ ಹಾಕಿ, ಏನೂ ಅರ್ಜೆಂಟಿಲ್ಲ" ಎಂದು ಟೀ ಕುಡಿಯಲು ಹೋದದ್ದೂ ಇದೆ. ಆ ಬೆಂಚಿನಲ್ಲಿ ಯಾರು ಯಾರು ಕೂತಿರುತ್ತಿದ್ದರು ಎಂದು ಆಗ ನಾನು ಗಮನಿಸಿದವಳೇ ಅಲ್ಲ.

ಬಯಲು ಕೋಣೆ ಮುಚ್ಚುವ ಮುಂಚೆ ಅಲ್ಲಿಂದ ನಮ್ಮ ಗುಂಪಿಗೆ ಬಂದವರಲ್ಲಿ ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಹಿಂದಿ ಬರೆಯುತ್ತಿದ್ದರು. ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತೇನೆ ಎಂದದ್ದಕ್ಕೆ ಭಾವ ಅವರನ್ನು ಮೇಷ್ಟ್ರು ಎಂದೇ ಕರೆಯಲು ಶುರುಮಾಡಿದರು. ಬಹಳ ಮರ್ಯಾದಸ್ಥ ಮನುಷ್ಯ. ಯುದ್ಧದಲ್ಲಿ ಸೋತರೆ ತನ್ನದೇ ತಪ್ಪು ಎನ್ನುವರು. ಯಾರಾದರೂ ಸೈನಿಕರು ಬೇಕೆಂದು ಕೇಳಿದರೆ ಮೊದಲು ಕೊಡುವವರು ಅವರೇ. ಆರು ತಿಂಗಳಾದ ಮೇಲೆ ಮಾತಿಗೆ ಮಾತು ಬಂದು, ತಾನು ಪಾಕಿಸ್ತಾನದವನೆಂದು ಮೇಷ್ಟ್ರೇ ಹೇಳಿಕೊಂಡರು. ಗಡಿಗೆ ಹತ್ತಿರದ ಒಂದು ಊರು.

ಅವತ್ತು ನಾನು ಭಾವನ ಮುಖ ನೋಡಿದೆ. ಅವರು ಫೋನನ್ನು ಕೌಂಟರಿನ ಮೇಲೆ ಮಗುಚಿ ಹಾಕಿ ಒಳಗೆ ಹೋದರು. ಊಟಕ್ಕೆ ಕೂತಾಗ ಅನ್ನ ಬರೀ ಕಲಸುತ್ತಿದ್ದರು. ಅಕ್ಕ ಬಡಿಸುತ್ತ, "ಎಂತಾಯ್ತ್ರೀ?" ಎಂದಳು.

"ಎಂತ ಇಲ್ಲ. ನಮ್ಮ ಪಲ್ಟನ್ನಲ್ಲಿ ಆ ಕಡೆಯವ್ನೊಬ್ಬ ಇದಾನೆ."

"ಹೌದಾ! ಹಂಗಾದ್ರೆ ತೆಗ್ದು ಹಾಕಿ."

ಭಾವ ತುತ್ತು ತಟ್ಟೆಯಲ್ಲಿಟ್ಟು ನನ್ನ ಕಡೆ ಕೈ ತೋರಿಸಿದರು. "ತೆಗ್ಯೋದು ಇವ್ಳ ಕೆಲ್ಸ. ನಾಯಕಿ ಇವ್ಳು" ಎಂದರು. ನಾನು ತೆಗೆಯುವುದಿಲ್ಲ ಎಂದೆ. ಅವರು ವಾದ ಮಾಡಲಿಲ್ಲ. ಸಂಜೆ ನಾನು ಬಸ್ಸಿನಲ್ಲಿದ್ದಾಗ ನೋಡಿದರೆ, ಮೇಷ್ಟ್ರು ಕೇಳಿದ್ದ ಬಿಲ್ಲುಗಾರರನ್ನು ಭಾವ ಆಗಲೇ ಕೊಟ್ಟಿದ್ದರು.

ಕೊರೊನಾ ಶುರುವಾದ ವರ್ಷ ಉತ್ತರದ ಗಡಿಯಲ್ಲಿ ಚೀನಾದವರೊಂದಿಗೆ ಹೊಡೆದಾಟವಾಗಿ ನಮ್ಮ ಸೈನಿಕರು ಸತ್ತರು. ಆ ಬೆನ್ನಿಗೇ ಸರ್ಕಾರ ಆ ದೇಶದ ಆ್ಯಪುಗಳನ್ನು ಒಂದಾದ ಮೇಲೊಂದರಂತೆ ನಿಷೇಧಿಸಿತು. ಆಮೇಲೆ, ಹುಡುಗರು ಹಗಲೂ ಇರುಳೂ ಆಡುತ್ತಿದ್ದ ಬಂದೂಕಿನ ಆಟವೊಂದೂ ಹೋಯಿತು. ನಮ್ಮ ಕೋಟೆಯ ಆಟ ಮಾತ್ರ ಉಳಿಯಿತು. ಅದರ ಕಂಪನಿಯಲ್ಲೂ ಚೀನಾದವರ ಷೇರು ಇದೆ ಎಂದು ನಾನು ಎಲ್ಲೋ ಓದಿದ್ದೆ. ಬಸ್ಸು ಓಡಲು ಶುರುವಾದ ಮೇಲೆ ಸೊರಬಕ್ಕೆ ಹೋದವಳು ಮಾಸ್ಕ್ ತೆಗೆಯುವ ಮೊದಲೇ ಕೇಳಿದೆ.

"ಒಂದನ್ನ ನಿಲ್ಸಿದ್ರು, ಒಂದನ್ನ ಬಿಟ್ರು. ಯಾಕೆ ಅಂತ ಹೇಳ್ಬೇಕಲ್ವಾ ಭಾವ?"

"ಎಲ್ಲ ನಿಂಗೆ ಹೇಳ್ಬೇಕಾ? ಆ ಚಳೀಲಿ ನಾನು ಎರಡು ಚಳಿಗಾಲ ಕಳ್ದಿದೀನಿ. ಅಲ್ಲಿ ಸತ್ತವ್ರ ಮನೆಗೆ ಹೋಗಿ ಕಾರಣ ಕೇಳು."

"ಸತ್ತವ್ರ ಬಗ್ಗೆ ನಾನೇನಂದೆ? ಒಂದು ಸಂಜೆ ಕೂತು ಇದು ಇರ್ಲಿ ಇದು ಬೇಡ ಅಂತ ನಿರ್ಧಾರ ಮಾಡೋ ಅಧಿಕಾರ ಇದ್ರೆ, ನಾಳೆ ಯಾವುದನ್ನ ಬೇಕಾದ್ರೂ ಬೇಡ ಅನ್ಬಹುದು. ಅದನ್ನ ಕೇಳ್ದೆ."

"ಸೈನ್ಯದಲ್ಲಿ ಆರ್ಡರ್ ಬಂದ್ರೆ ಕಾರಣ ಕೇಳೋದಿಲ್ಲ."

"ನಾನು ಸೈನ್ಯದಲ್ಲಿಲ್ಲ ಭಾವ."

ಬೆಂಚಿನ ಮೇಲಿದ್ದ ಯಾರೋ ಜೋರಾಗಿ ನಕ್ಕರು. ಭಾವನಿಗೂ ನಗು ಬಂತು. "ದೇಶ ಅಂದ್ಮೇಲೆ ಒಂದು ಮೇನ್ ಸ್ವಿಚ್ ಇರ್ಬೇಕು ಮಾರಾಯ್ತಿ. ಬೆಂಕಿ ಹತ್ತಿದಾಗ ಆರಿಸೋದಕ್ಕೆ. ನೀನು ಮೇನ್ ಸ್ವಿಚ್ಚೇ ಬೇಡ ಅಂತೀಯ" ಎಂದರು. ಸ್ವಿಚ್ ಇರಲಿ, ಅದರ ಹತ್ತಿರ ನಿಂತವರು ಯಾರು ಎಂದು ನಮಗೆ ಕಾಣುವಂತಿರಲಿ ಎಂದು ನಾನು ಹೇಳಿದೆ. ಅಕ್ಕ ಒಳಗಿನಿಂದ ಊಟಕ್ಕೆ ಕೂಗಿದಳು.

ಆಮೇಲಿನ ವರ್ಷಗಳಲ್ಲಿ ವಾದಕ್ಕೆ ವಿಷಯ ಕಡಿಮೆಯಾಗಲಿಲ್ಲ. ಒಂದು ಸಲ ಗಲಾಟೆಯಾಯಿತೆಂದು ಎಲ್ಲೋ ಇಂಟರ್ನೆಟ್ಟೇ ನಿಂತಿತು. ಒಂದು ಸಲ ನಿಂತುಹೋಗಿದ್ದ ಆ ಬಂದೂಕಿನ ಆಟ ಹೊಸ ಹೆಸರಲ್ಲಿ, ರಕ್ತದ ಬಣ್ಣವನ್ನು ಕೆಂಪಿನಿಂದ ಹಸಿರಿಗೆ ಬದಲಿಸಿಕೊಂಡು ವಾಪಸು ಬಂತು. ಯಾವ ದೇಶದಿಂದ ಎಣ್ಣೆ ಕೊಳ್ಳಬೇಕು, ಯಾವ ದೇಶದ ಜೊತೆ ಕ್ರಿಕೆಟ್ ಆಡಬೇಕು ಎಂಬುದನ್ನೂ ನಾವು ಆ ಅಂಗಡಿಯಲ್ಲಿ ಕೂತು ತೀರ್ಮಾನಿಸುತ್ತಿದ್ದೆವು. ಭಾವ ಎಂದೂ ಸರ್ಕಾರವನ್ನು ಬಿಟ್ಟುಕೊಟ್ಟವರಲ್ಲ. ಯಾವ ಪಕ್ಷದ ಸರ್ಕಾರವಿದ್ದರೂ ಅಷ್ಟೇ. ಮೇಲೆ ಕೂತವರಿಗೆ ನಮಗಿಂತ ಹೆಚ್ಚು ಗೊತ್ತಿರುತ್ತದೆ ಎಂದು ಅವರು ಮನಸಾರೆ ನಂಬಿದ್ದರು.

ಹಾಗಿರುವಾಗ ಆ ಬೇಸಿಗೆ ಬಂತು. ಪಶ್ಚಿಮದ ಗಡಿಯಲ್ಲಿ ಗುಂಡು ಹಾರಿತು, ವಿಮಾನ ಹಾರಿತು. ನಾವಿರುವಲ್ಲಿಗೆ ಅದು ಬಹಳ ದೂರದ ಮಾತು. ಅಂಬ್ಲಿಗೊಳ ಜಲಾಶಯದ ನೀರು ಈ ಸಲ ಸಾಕಾಗುತ್ತದೋ ಇಲ್ಲವೋ ಎಂಬುದೇ ನಮ್ಮ ಕಡೆಯವರ ಚಿಂತೆ. ಆದರೂ ಊರಿನ ಗಾಳಿಯೇ ಬದಲಾಯಿತು. ಹೋಟೆಲಿನಲ್ಲಿ ಟಿವಿಯ ಮುಂದೆ ಜನ ನಿಂತೇ ಇರುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಮಾತು ತೆಗೆಯುವ ಮೊದಲು ಒಬ್ಬರ ಮುಖ ಒಬ್ಬರು ನೋಡುವುದು ಶುರುವಾಯಿತು. ತಾಲ್ಲೂಕಿನ ವಾಟ್ಸ್ಆ್ಯಪ್ ಗುಂಪುಗಳಲ್ಲಿ "ನಮ್ಮೊಳಗಿನ ಶತ್ರುಗಳು" ಎಂಬ ಮಾತು ದಿನಕ್ಕೊಮ್ಮೆಯಾದರೂ ಹರಿದಾಡುತ್ತಿತ್ತು. ಯಾರು ಆ ಶತ್ರುಗಳು ಎಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ.

ಒಂದು ಸಂಜೆ ಮೇಷ್ಟ್ರು ಆಟದ ಗುಂಪಿನಲ್ಲಿ ಬರೆದರು. ನಮ್ಮ ಊರಲ್ಲಿ ಸೈರನ್ ಆಗುತ್ತಿದೆ, ಮನೆಯಲ್ಲಿ ವಯಸ್ಸಾದ ತಾಯಿ ಹೆದರಿದ್ದಾರೆ, ನೀವೆಲ್ಲ ಕ್ಷೇಮವೇ ಎಂದು. ಯಾರೂ ಉತ್ತರ ಕೊಡಲಿಲ್ಲ. ಏನು ಬರೆಯಬೇಕೆಂದು ತಿಳಿಯದೆ ನಾನು ಫೋನು ಹಿಡಿದು ಕೂತಿದ್ದೆ. ಆಗ ಭಾವನ ಹೆಸರಿನಲ್ಲಿ ಹಿಂದಿಯಲ್ಲಿ ಎರಡು ಸಾಲು ಬಂತು.

"ದೀಪ ಆರಿಸಿ. ಕಿಟಕಿಯಿಂದ ದೂರ ಇರಿ. ತಾಯಿಯನ್ನು ಒಳಗಿನ ಗೋಡೆಗೆ ಒರಗಿಸಿ ಕೂರಿಸಿ."

ಅಷ್ಟೇ. ಮೇಷ್ಟ್ರು ಶುಕ್ರಿಯಾ ಎಂದರು. ಆ ಭಾನುವಾರ ನಾನು ಹೋದಾಗ ಭಾವ ಟಿವಿ ನೋಡುತ್ತ, ಈ ಸಲ ಅವರಿಗೆ ಸರಿಯಾಗಿ ಬುದ್ಧಿ ಕಲಿಸಬೇಕು, ಅರ್ಧಕ್ಕೆ ನಿಲ್ಲಿಸಬಾರದು ಎಂದು ಅಬ್ಬರಿಸುತ್ತಿದ್ದರು. ಆ ಎರಡು ಸಾಲಿನ ಬಗ್ಗೆ ನಾನು ಕೇಳಿದೆ. "ಮುದುಕಿ ಅಲ್ಲೇನೇ ಅವ್ಳು" ಎಂದರು, ಟಿವಿಯಿಂದ ಕಣ್ಣು ತೆಗೆಯದೆ.

ಗುಂಡಿನ ಸದ್ದು ನಿಂತು ಕೆಲವು ದಿನಗಳಾಗಿದ್ದವು. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ಫೋನು ತೋರಿಸಿದರು. "ಇದು ನಿಮ್ಮ ಭಾವಾರ ಅಂಗಡಿ ಅಲ್ರೀ?" ನಮ್ಮ ಗುಂಪಿನ ಮಾತುಕತೆಯ ಚಿತ್ರ ತೆಗೆದು, ಆ ಎರಡು ಸಾಲಿಗೆ ಕೆಂಪು ಗೆರೆ ಎಳೆದಿದ್ದರು. ಕೆಳಗೆ ಅಂಗಡಿಯ ಫೋಟೋ. ಬೋರ್ಡು, ಬೆಂಚು, ಬಾಗಿಲಲ್ಲಿ ಬೆನ್ನು ಹಾಕಿ ನಿಂತ ಭಾವ. ಮೇಲೆ ದಪ್ಪ ಅಕ್ಷರದಲ್ಲಿ: ನಿವೃತ್ತ ಯೋಧ ಶತ್ರುವಿಗೆ ಸಲಹೆ ಕೊಡುತ್ತಿದ್ದಾನೆ, ಎಚ್ಚರ.

ಗುಂಪಿನೊಳಗಿನ ಮಾತನ್ನು ಗುಂಪಿನವರಲ್ಲದೆ ಬೇರೆಯವರು ನೋಡಲು ಸಾಧ್ಯವಿಲ್ಲ. ಸೊರಬದ ಅಂಗಡಿಯ ಫೋಟೋವನ್ನು ಹೊರದೇಶದವರು ತೆಗೆಯಲು ಸಾಧ್ಯವಿಲ್ಲ. ಹಾಗಾದರೆ ಉಳಿದವರು ಭಾವನೇ ಸೇರಿಸಿದ್ದ ಆ ಮೂರ್ನಾಲ್ಕು ಗಿರಾಕಿಗಳು. ಸಹೋದ್ಯೋಗಿ ಮೆಲ್ಲಗೆ, "ಯಾವುದಕ್ಕೂ ಹುಷಾರಾಗಿರ್ರಿ. ನಾ ತೋರಿಸ್ದೆ ಅಂತ ಹೇಳಬ್ಯಾಡ್ರಿ ಮತ್ತೆ" ಎಂದು ಹೇಳಿ, ಫೋನು ಜೇಬಿಗಿಟ್ಟುಕೊಂಡು ಹೋದರು.

ನಾನು ಭಾವನಿಗೆ ಫೋನು ಮಾಡಿದೆ. ಅವರು ಆಗಲೇ ನೋಡಿದ್ದರು. "ನಾಯಿ ಬೊಗಳಿದ್ರೆ ಬೊಗಳ್ಲಿ. ನಾನ್ಯಾರು ಅಂತ ಸರ್ಕಾರಕ್ಕೆ ಗೊತ್ತಿದೆ" ಎಂದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಅಕ್ಕನ ಫೋನು. ನಾನು ಪರೀಕ್ಷೆಯ ಕೆಲಸದಲ್ಲಿದ್ದೆ. ಇಬ್ಬರು ಗಂಡಸರು ಅಂಗಡಿಗೆ ಬಂದರಂತೆ. ಯೂನಿಫಾರಂ ಇಲ್ಲ. ಇನ್ವರ್ಟರಿನ ಬೆಲೆ ಕೇಳಿದರಂತೆ, ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳಿದರಂತೆ. ಭಾವ ಟೀ ತರಿಸಿಕೊಟ್ಟರಂತೆ. ಟೀ ಕುಡಿದು ಮುಗಿದ ಮೇಲೆ ಅವರಲ್ಲೊಬ್ಬ ಯಾವುದೋ ಕಾರ್ಡು ತೋರಿಸಿ, "ಸ್ವಲ್ಪ ಮಾತಾಡ್ಬೇಕಿತ್ತು, ಫೋನ್ ತಗೊಂಡು ಬನ್ನಿ" ಎಂದು ಕಾರಿನಲ್ಲಿ ಕರೆದುಕೊಂಡು ಹೋದನಂತೆ. "ಅಂಗ್ಡಿ ಬಾಗ್ಲು ಹಾಕೋದಕ್ಕೂ ಬಿಡ್ಲಿಲ್ಲ ಕಣೇ" ಎಂದು ಅಕ್ಕ ಅತ್ತಳು. ಅದೇ ಅವಳಿಗೆ ದೊಡ್ಡ ಅವಮಾನವಾಗಿತ್ತು.

ಪ್ರವಾಸಿ ಮಂದಿರವೊಂದಕ್ಕೆ ಕರೆದೊಯ್ದಿದ್ದಾರೆಂದು ಭಾವನ ಗೆಳೆಯರೊಬ್ಬರು ಪತ್ತೆ ಹಚ್ಚಿ ಹೇಳಿದರು. ನಾನು ಸಿಕ್ಕಿದ ಬಸ್ಸು ಹತ್ತಿ, ಅಕ್ಕನನ್ನು ಜೊತೆಗೆ ಕರೆದುಕೊಂಡು ಅಲ್ಲಿಗೆ ಹೋದೆ. ಬಾಗಿಲಲ್ಲಿ ನಮ್ಮನ್ನು ಯಾರೂ ತಡೆಯಲಿಲ್ಲ. ಒಳಗೆ ದೊಡ್ಡ ಮೇಜಿನ ಒಂದು ಪಕ್ಕ ಭಾವ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಎದುರಿಗೆ ಕನ್ನಡಕದ ಒಬ್ಬ ಅಧಿಕಾರಿ. ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಇನ್ನೊಬ್ಬ. ಅಧಿಕಾರಿ ಎದ್ದು ನಿಂತು, "ಬನ್ನಿ ಮೇಡಂ, ಕೂತ್ಕೊಳ್ಳಿ. ಗಾಬರಿಯಾಗೋ ಅಂಥದ್ದೇನಿಲ್ಲ" ಎಂದ. ಅವನ ದನಿ ಎಷ್ಟು ಮೃದುವಾಗಿತ್ತೆಂದರೆ ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಮಸ್ಕಾರ ಮಾಡಿದಳು.

"ಯಾವ ಇಲಾಖೆ ಸರ್? ಯಾವ ಕಾನೂನಿನ ಪ್ರಕಾರ ಇವ್ರನ್ನ ಕರ್ಕೊಂಡು ಬಂದಿದೀರಿ?" ಎಂದು ನಾನು ಕೇಳಿದೆ.

"ನೀನು ಸುಮ್ನಿರೇ" ಎಂದು ಗದರಿದವರು ಭಾವ. "ಅವ್ರ ಡ್ಯೂಟಿ ಅವ್ರು ಮಾಡ್ಲಿ. ಕೇಳಿ ಸರ್, ನೀವು ಕೇಳಿ."

ಅಧಿಕಾರಿ ಭಾವನ ಫೋನು ನೋಡಿ ಓದತೊಡಗಿದ. "ಇಲ್ಲಿ ನೀವು ಹತ್ತು ಜನ ಬಿಲ್ಲುಗಾರರು ಬೇಕು ಅಂತ ಕೇಳಿದೀರಿ. ಆ ವ್ಯಕ್ತಿ ಕಳಿಸಿದಾನೆ. ಇದೇನು?"

"ಅದು ಆಟದ ಸೈನ್ಯ ಸರ್. ಗೊಂಬೆಗಳು."

"ಉತ್ತರದ ಗೋಡೆ ದುರ್ಬಲ, ನಾಳೆ ಬೆಳಿಗ್ಗೆ ಅಲ್ಲಿಂದ ನುಗ್ಗೋಣ ಅಂತ ಬರ್ದಿದೀರಿ."

"ಎದುರು ಗುಂಪಿನ ಕೋಟೆ ಸರ್ ಅದು."

"ಎದುರು ಗುಂಪು ಎಲ್ಲಿಯವರು?"

"ಅದು ನಮ್ಗೆ ಗೊತ್ತಾಗೋದಿಲ್ಲ ಸರ್. ಕಂಪ್ಯೂಟರೇ ಜೊತೆ ಮಾಡ್ಸುತ್ತೆ."

ನಾನು ನಗುತ್ತೇನೇನೋ ಎಂದು ನನಗೇ ಭಯವಾಯಿತು. ಆದರೆ ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಲ್ಯಾಪ್‌ಟಾಪಿನವನು ಎಲ್ಲವನ್ನೂ ಕುಟ್ಟಿಕೊಳ್ಳುತ್ತಿದ್ದ. ಬಿಲ್ಲುಗಾರರನ್ನೂ, ಉತ್ತರದ ಗೋಡೆಯನ್ನೂ. ಅವನು ಬರೆದುಕೊಂಡದ್ದನ್ನು ಇನ್ನೆಲ್ಲೋ ಕೂತ ಇನ್ಯಾರೋ ಓದುತ್ತಾರೆ. ಅವರಿಗೆ ಈ ಆಟ ಗೊತ್ತಿರುತ್ತದೋ ಇಲ್ಲವೋ. ಭಾವ ಅಂಗಡಿಯಲ್ಲಿ ಹೇಗೆ ಕೂರುತ್ತಾರೆ, ಹೇಗೆ ನಗುತ್ತಾರೆ ಎಂದು ಅವರು ಎಂದೂ ನೋಡಿರುವುದಿಲ್ಲ. ಕಾಗದದ ಮೇಲೆ ಆ ಸಾಲುಗಳು ಹೇಗೆ ಕಾಣುತ್ತವೆಂದು ನಾನು ಊಹಿಸಿಕೊಂಡೆ.

ಕೊನೆಗೆ ಅಧಿಕಾರಿ ಆ ಎರಡು ಸಾಲಿಗೆ ಬಂದ. "ಇದನ್ನ ಯಾಕೆ ಬರೆದ್ರಿ? ಸೈನ್ಯದಲ್ಲಿ ಕಲ್ತ ವಿಷಯ ಅಲ್ವಾ ಇದು?"

"ಎಲ್ಲ ಟಿವಿಯಲ್ಲೂ ಹೇಳ್ತಿದ್ರು ಸರ್, ನಮ್ಮ ಜನಕ್ಕೆ."

"ನಮ್ಮ ಜನಕ್ಕೆ ಹೇಳ್ತಿದ್ರು. ನೀವು ಹೇಳಿದ್ದು ಯಾರಿಗೆ?"

ಭಾವ ಅಧಿಕಾರಿಯ ಕೈಯಲ್ಲಿದ್ದ ತಮ್ಮ ಫೋನಿನತ್ತ ನೋಡಿದರು.

"ಈ ಗುಂಪಿನ ನಾಯಕರು ಯಾರು?" ಎಂದ ಅಧಿಕಾರಿ.

"ನಾನು" ಎಂದೆ.

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಗೊತ್ತು ಮೇಡಂ. ನೀವಾಗೇ ಹೇಳ್ತೀರಾ ಅಂತ ನೋಡ್ದೆ" ಎಂದ. ನನ್ನ ಕಾಲೇಜು, ವಿಷಯ, ವಿಳಾಸ ಬರೆಸಿಕೊಂಡರು. ಭಾವನ ಫೋನು ಅಲ್ಲೇ ಉಳಿಯಿತು. "ಬೇಕಾದ್ರೆ ಕರೀತೀವಿ" ಎಂದು ಕಳಿಸಿದರು. ಮೂವರೂ ಆಟೋದಲ್ಲಿ ವಾಪಸು ಬಂದೆವು. ಗಾಬರಿಯಲ್ಲಿ ಅಕ್ಕನೂ ಹಾಕದೆ ಅಂಗಡಿಯ ಬಾಗಿಲು ಮಧ್ಯಾಹ್ನದಿಂದ ತೆರೆದೇ ಇತ್ತು. ಏನೂ ಕಳುವಾಗಿರಲಿಲ್ಲ. ಒಳಗೆ ಯಾರೂ ಕಾಲಿಟ್ಟೇ ಇರಲಿಲ್ಲ.

ಅದೇ ಮುಂದೆಯೂ ಆಯಿತು. ಗಿರಾಕಿಗಳು ಬರುವುದನ್ನು ಬಿಟ್ಟರು. ಜಗಳವಿಲ್ಲ, ಬೈಗುಳವಿಲ್ಲ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡುವರು. ಬ್ಯಾಟರಿ ಮಾತ್ರ ಬೇರೆ ಅಂಗಡಿಗೆ ಹೋಗುತ್ತಿತ್ತು. ಮುಂದಿನ ಬೆಂಚು ಖಾಲಿ ಬಿತ್ತು. ಪ್ರತಿ ವರ್ಷ ಸ್ವಾತಂತ್ರ್ಯ ದಿನಕ್ಕೆ ಹತ್ತಿರದ ಶಾಲೆಯವರು ಭಾವನನ್ನು ಕರೆಯುತ್ತಿದ್ದರು. ಅವರು ಸಮವಸ್ತ್ರಕ್ಕೆ ಇಸ್ತ್ರಿ ಮಾಡಿಸಿ, ಪದಕ ಹಚ್ಚಿಕೊಂಡು ಹೋಗುತ್ತಿದ್ದರು. ಆ ವರ್ಷವೂ ಇಸ್ತ್ರಿ ಮಾಡಿಸಿಟ್ಟರು. ಹಿಂದಿನ ದಿನದವರೆಗೂ ಯಾರೂ ಬರಲಿಲ್ಲ. ಅಕ್ಕ ಸಮವಸ್ತ್ರವನ್ನು ಮತ್ತೆ ಬೀರುವಿನಲ್ಲಿಟ್ಟಳು. ನನ್ನ ಕಾಲೇಜಿನಲ್ಲಿ ಪ್ರಾಂಶುಪಾಲರು ಕರೆದು, "ಪಠ್ಯದಾಗ ಏನೈತೋ ಅಷ್ಟು ಹೇಳ್ರಿ ಸಾಕು. ನಿಮ್ ಒಳ್ಳೇದಕ್ಕೇ ಹೇಳೋದು" ಎಂದರು. ಅವರು ಕೆಟ್ಟವರಲ್ಲ. ಹೆದರಿದ್ದರು.

ಆಟದಲ್ಲಿ ನಮ್ಮ ಗುಂಪು ಉಳಿಯಲಿಲ್ಲ. ಒಂದು ಬೆಳಿಗ್ಗೆ ತೆರೆದರೆ, ನಿಯಮ ಮೀರಿದ್ದಕ್ಕಾಗಿ ನಿಮ್ಮ ಗುಂಪನ್ನೂ ಖಾತೆಯನ್ನೂ ಮುಚ್ಚಲಾಗಿದೆ ಎಂದು ಬರೆದಿತ್ತು. ಯಾವ ನಿಯಮ ಎಂದು ಕೇಳಿ ಕಂಪನಿಗೆ ಬರೆದೆ. ಯಂತ್ರವೊಂದು ಉತ್ತರ ಕೊಟ್ಟಿತು. ಮತ್ತೆ ಬರೆದರೆ ಅದೇ ಉತ್ತರ. ಬಹಳ ಜನ ಸೇರಿ ದೂರು ಕೊಟ್ಟರೆ ಹೀಗಾಗುತ್ತದೆಂದು ಕೆಲವರು ಹೇಳಿದರು. ಸರ್ಕಾರವೇ ಕೇಳಿರಬಹುದೆಂದು ಇನ್ನು ಕೆಲವರು. ಮೇಷ್ಟ್ರು ಏನಾದರೋ ತಿಳಿಯಲು ದಾರಿಯೇ ಉಳಿಯಲಿಲ್ಲ. ಅವರ ನಿಜ ಹೆಸರು ನಮಗೆ ಗೊತ್ತಿರಲಿಲ್ಲ. ಹುಡುಕುವುದಂತೂ ದೂರದ ಮಾತು.

ಮಳೆಗಾಲದ ನಡುವೆ ಭಾವನನ್ನು ಇನ್ನೊಮ್ಮೆ ಕರೆದರು. ಈ ಸಲ ಬೇರೆ ಊರಿಗೆ. ಬೆಳಿಗ್ಗೆ ಹೋದವರು ಕತ್ತಲಾಗುವ ಮುಂಚೆ ಬಂದರು. ಫೋನು ವಾಪಸು ಕೊಟ್ಟಿದ್ದರು. ಕೇಸಿಲ್ಲ, ಏನಿಲ್ಲ. ಕೇಸಿಲ್ಲವೆಂದು ಬರೆದುಕೊಡಿ ಎಂದು ಭಾವ ಕೇಳಿದರಂತೆ. ಇಲ್ಲದ್ದನ್ನು ಹೇಗೆ ಬರೆದುಕೊಡುವುದು ಎಂದರಂತೆ.

ಮುಂದಿನ ಭಾನುವಾರ ನಾನು ಹೋದಾಗ ಪತ್ರಿಕೆಯಲ್ಲಿ ಹಣ ಕಟ್ಟಿ ಆಡುವ ಆಟಗಳನ್ನೆಲ್ಲ ನಿಷೇಧಿಸುವ ಹೊಸ ಕಾನೂನು ಬಂದ ಸುದ್ದಿಯಿತ್ತು. ಭಾವನನ್ನು ಹಳೆಯ ದಾರಿಗೆ ಎಳೆಯಬೇಕೆಂದು ಬೇಕಂತಲೇ ಅದನ್ನು ಓದಿ ಹೇಳಿದೆ. ಇದು ಸರಿ ಎನ್ನುತ್ತೀರಾ, ತಪ್ಪು ಎನ್ನುತ್ತೀರಾ ಎಂದು ಕೆಣಕಿದೆ. ಅವರು ಮೇಜಿನ ಮೇಲಿದ್ದ ಫೋನು ನೋಡಿದರು. "ಮಳೆ ಹೊಳವಾಗಿದೆ. ಗುಡವಿಗೆ ಹೋಗ್ಬರಾಣ ಬಾ" ಎಂದರು. ಬಾಗಿಲು ದಾಟುವಾಗ, ನನ್ನ ಫೋನನ್ನೂ ಅಲ್ಲೇ ಇಡುವಂತೆ ಸನ್ನೆ ಮಾಡಿದರು.

ಅಕ್ಕ ಬರಲಿಲ್ಲ. ಸ್ಕೂಟರಿನಲ್ಲಿ ನಾವಿಬ್ಬರೇ ಹೋದೆವು. ಪಕ್ಷಿಧಾಮದ ಕೆರೆಯಲ್ಲಿ ಮರಗಳು ಅರ್ಧ ಮುಳುಗಿ ನಿಂತಿದ್ದವು, ಕೊಂಬೆ ಕೊಂಬೆಗೆ ಬಿಳಿ ಹಕ್ಕಿ. ಗದ್ದಲದಲ್ಲಿ ಪಕ್ಕದವರ ಮಾತೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಅಲ್ಲಿ ನಿಂತು ಭಾವ ಹೇಳಿದರು.

"ಎರಡನೇ ಸಲ ಕರೆದಾಗ ಆ ಮೇಷ್ಟ್ರ ಬಗ್ಗೆ ಹೆಚ್ಚು ಕೇಳ್ಲೇ ಇಲ್ಲ. ನಿನ್ನ ಬಗ್ಗೆ ಕೇಳಿದ್ರು."

"ನನ್ನ ಬಗ್ಗೆ ಏನು?"

"ಆ್ಯಪ್ ನಿಲ್ಸಿದಾಗ ನೀನೆಂತ ಅಂದೆ, ಇಂಟರ್ನೆಟ್ ನಿಲ್ಸಿದಾಗ ಎಂತ ಅಂದೆ, ಎಲ್ಲ ಅವ್ರತ್ರ ಇದೆ. ನಾನು ಸೈನ್ಯದಲ್ಲಿಲ್ಲ ಭಾವ ಅಂದಿದ್ಯಲ್ಲ, ಅದೂ ಇದೆ. ಯಾವಾಗ್ಲೋ ಅಂದಿದ್ದು. ಅದ್ಕೆ ಎಂತ ಅರ್ಥ ಅಂತ ನನ್ನ ಕೇಳಿದ್ರು."

ಅದು ಆಟದಲ್ಲಿ ಬರೆದ ಮಾತಲ್ಲ. ಅಂಗಡಿಯಲ್ಲಿ, ಬಾಯಲ್ಲಿ ಆಡಿದ ಮಾತು. ಬೆಂಚಿನ ಮೇಲಿದ್ದವರು ನಕ್ಕಿದ್ದರು.

"ಯಾರು ಭಾವ ಅದು?"

"ಗೊತ್ತಿಲ್ಲ. ದಿನಾ ಒಬ್ಬೊಬ್ರ ಮುಖ ನೆನಪು ಮಾಡ್ಕೊತೀನಿ. ಇವ್ನಾ ಅಂತೀನಿ, ಅಲ್ಲ ಅಂತೀನಿ. ಎಲ್ಲ ನನ್ನ ಕೈಲಿ ಟೀ ಕುಡ್ದವ್ರೇ." ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. "ನೀನು ಕ್ಲಾಸಲ್ಲಿ ಎಂತ ಹೇಳ್ತೀಯ ಅಂತಾನೂ ಕೇಳಿದ್ರು. ನಂಗೆ ಗೊತ್ತಿಲ್ಲ ಅಂದೆ. ನಮ್ಮ ಹುಡ್ಗಿ ಬಾಯಿ ಜೋರು, ಕೆಟ್ಟವಳಲ್ಲ ಅಂದೆ. ಅದನ್ನೂ ಬರ್ಕೊಂಡ್ರು ಮಾರಾಯ್ತಿ."

ಸರ್ಕಾರದ ಬಗ್ಗೆ ಅವರ ಅಭಿಪ್ರಾಯ ಬದಲಾಯಿತೇ ಎಂದು ಕೇಳುವ ಮನಸ್ಸಾಯಿತು. ಕೇಳಲಿಲ್ಲ. ಅಷ್ಟರಲ್ಲಿ ಕ್ಯಾಮೆರಾ ಹಿಡಿದ ಯಾರೋ ಇಬ್ಬರು ನಮ್ಮ ಪಕ್ಕ ಬಂದು ನಿಂತರು. ಭಾವ ತಕ್ಷಣ ದನಿ ಬದಲಿಸಿ, ಈ ವರ್ಷ ಹಕ್ಕಿ ಜಾಸ್ತಿ, ಮಳೆ ಚೆನ್ನಾಗಿ ಹಿಡಿದಿದೆಯಲ್ಲ ಎಂದರು. ಅವರು ಬರೀ ಪ್ರವಾಸಿಗರೇ ಇದ್ದಿರಬೇಕು. ಆದರೂ ಅವರು ಹೋಗುವವರೆಗೂ ನಾವು ಮಳೆಯ ಬಗ್ಗೆಯೇ ಮಾತಾಡಿದೆವು.

ಮರುದಿನ ತರಗತಿಯಲ್ಲಿ ನಾಗರಿಕರ ಹಕ್ಕುಗಳ ಪಾಠವಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಮೇಡಂ, ಸರ್ಕಾರ ಒಂದು ಆಟಾನ ಯಾಕೆ ಬ್ಯಾನ್ ಮಾಡ್ತು ಅಂತ ನಾವು ಕೇಳಬಹುದೇನ್ರಿ?" ಎಂದಳು. ಕೇಳಬಹುದು ಎಂದೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು, ಉತ್ತರ ಬರದಿದ್ದರೆ ನ್ಯಾಯಾಲಯಕ್ಕೆ ಹೇಗೆ ಹೋಗಬೇಕು, ಎಲ್ಲವನ್ನೂ ಗಂಟೆ ಹೊಡೆಯುವವರೆಗೂ ಬಿಡಿಸಿ ಹೇಳಿದೆ. ಅವಳು ಚಕಚಕನೆ ಬರೆದುಕೊಂಡಳು. ಹೊರಗೆ ಬಂದ ಮೇಲೆ ನಾನು ಹೇಳಿದ್ದರಲ್ಲಿ ಹೆಚ್ಚಿನದು ನನಗೇ ನೆನಪಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಅವತ್ತು ಯಾರು ಯಾರು ಕೂತಿದ್ದರು, ಯಾರು ಬರೆಯದೆ ಸುಮ್ಮನೆ ನನ್ನನ್ನೇ ನೋಡುತ್ತಿದ್ದರು ಎಂಬುದು ಮಾತ್ರ ಇವತ್ತಿಗೂ ಒಂದೊಂದು ಮುಖವಾಗಿ ನೆನಪಿದೆ.